ಇಬೆಲಿನ್ ಎಂಬ ಹೆಸರಿನ ಗೆಳೆಯ: ಒಂದು ಪ್ರಕರಣ ಅಧ್ಯಯನ

ನಾರ್ವೆಯ ರಾಜಧಾನಿ ಓಸ್ಲೋದಲ್ಲಿ 2014ರ ನವೆಂಬರ್ 18ರಂದು ಮಾಟ್ಸ್ ಸ್ಟೇನ್ ಎಂಬ ಯುವಕ ತೀರಿಕೊಂಡ. ವಯಸ್ಸು 25. ಹುಟ್ಟಿನಿಂದಲೇ ಬೆನ್ನಿಗಿದ್ದ ಡುಶೆನ್ ಸ್ನಾಯುಕ್ಷಯ ಅವನ ಕೈಕಾಲುಗಳ ಶಕ್ತಿಯನ್ನು ಒಂದೊಂದಾಗಿ ಕಿತ್ತುಕೊಂಡಿತ್ತು. ಸಾವು ಬೇಗ ಬರುತ್ತದೆ ಎಂಬುದು ತಂದೆ ರಾಬರ್ಟ್ ಮತ್ತು ತಾಯಿ ಟ್ರುಡೆ ಅವರಿಗೆ ಇಪ್ಪತ್ತು ವರ್ಷಗಳಿಂದ ಗೊತ್ತಿತ್ತು. ಅದಕ್ಕೆ ಅವರು ಮನಸ್ಸನ್ನು ಗಟ್ಟಿ ಮಾಡಿಕೊಂಡಿದ್ದರು. ಮನಸ್ಸು ಒಪ್ಪದೆ ಉಳಿದದ್ದು ಬೇರೆ ನೋವು: ಮಗ ಗೆಳೆತನ ಕಾಣಲಿಲ್ಲ, ಪ್ರೀತಿ ಕಾಣಲಿಲ್ಲ, ಇನ್ನೊಬ್ಬರ ಬದುಕಿನಲ್ಲಿ ಅವನಿಂದ ಏನೂ ಆಗಲಿಲ್ಲ. ಹೀಗೆಂದು ತಾವು ನಂಬಿದ್ದಾಗಿ ರಾಬರ್ಟ್ ಸ್ಟೇನ್ ಅವರೇ ಆಮೇಲೆ ಬಹಿರಂಗವಾಗಿ ಹೇಳಿದ್ದಾರೆ.

ಮಾಟ್ಸ್ ಅಂತರ್ಜಾಲದಲ್ಲಿ ಆಗಾಗ ತನ್ನ ಬದುಕಿನ ಬಗ್ಗೆ ಬರೆಯುತ್ತಿದ್ದ. ಆ ಬರಹಗಳ ತಾಣಕ್ಕೆ ಹೋಗುವ ಪಾಸ್‌ವರ್ಡ್ ಮನೆಯವರ ಬಳಿ ಇತ್ತು. ಯಾರಾದರೂ ಓದುವವರಿದ್ದರೆ ತಿಳಿಯಲಿ ಎಂದು ತಂದೆ ಸಾವಿನ ಸುದ್ದಿಯನ್ನು ಅಲ್ಲಿ ಹಾಕಿ, ಕೊನೆಗೆ ತಮ್ಮ ಇಮೇಲ್ ವಿಳಾಸ ಕೊಟ್ಟರು. ಪತ್ರಗಳು ಬರತೊಡಗಿದವು. ನೆದರ್‌ಲ್ಯಾಂಡ್ಸ್, ಡೆನ್ಮಾರ್ಕ್, ಫಿನ್‌ಲ್ಯಾಂಡ್, ಇಂಗ್ಲೆಂಡ್, ಹೀಗೆ ಯುರೋಪಿನ ಹತ್ತಾರು ಕಡೆಗಳಿಂದ. ಬರೆದವರಲ್ಲಿ ಒಬ್ಬರೂ ಮಾಟ್ಸ್‌ನನ್ನು ಕಣ್ಣಾರೆ ಕಂಡವರಲ್ಲ. ಆದರೂ ಒಡನಾಡಿಯನ್ನು ಕಳೆದುಕೊಂಡವರಂತೆ ಉದ್ದುದ್ದ ಬರೆದಿದ್ದರು. ಅವರು ಬಲ್ಲ ಆ ಗೆಳೆಯನ ಹೆಸರು ಇಬೆಲಿನ್ ರೆಡ್‌ಮೋರ್.

ಗುಪ್ತನಾಮದ ಮಾತು ನಮ್ಮಲ್ಲಿ ಬರುವುದೇ ಬೈಗುಳ, ಬೆದರಿಕೆ, ವಂಚನೆಯ ಸುದ್ದಿಗಳ ಜೊತೆಯಲ್ಲಿ. ಹೆಸರು ಮರೆಸಿಕೊಂಡವನಲ್ಲಿ ಏನೋ ಕಳ್ಳತನ ಇರಲೇಬೇಕು ಎಂಬ ಗುಮಾನಿ ನಮ್ಮ ಮಾತಿನಲ್ಲೇ ಬೇರೂರಿದೆ. ಆ ಗುಮಾನಿ ಎಷ್ಟು ಅರ್ಧಂಬರ್ಧ ಎಂಬುದನ್ನು ತೋರಿಸುವುದಕ್ಕೆ ಮಾಟ್ಸ್‌ನ ಬದುಕಿಗಿಂತ ಒಳ್ಳೆಯ ಪ್ರಕರಣ ನನಗೆ ಕಾಣುವುದಿಲ್ಲ. ಇಟ್ಟುಕೊಂಡ ಹೆಸರು ಏನು ಕೊಡುತ್ತದೆ, ಅದಕ್ಕೆ ತೆರುವ ಬೆಲೆ ಏನು ಎಂಬ ಎರಡೂ ಇದೊಂದೇ ಬದುಕಿನಲ್ಲಿ ಇವೆ.

ಮೊದಲು ಕಾಯಿಲೆಯ ವಿಚಾರ. ಸ್ನಾಯುವಿನ ಕೋಶಗಳು ಹರಿದುಹೋಗದಂತೆ ಕಾಯುವ ಡಿಸ್ಟ್ರೋಫಿನ್ ಎಂಬ ಪ್ರೋಟೀನ್ ಡುಶೆನ್ ಇರುವವರ ದೇಹದಲ್ಲಿ ತಯಾರಾಗುವುದಿಲ್ಲ. ದೋಷವಿರುವುದು ಎಕ್ಸ್ ಕ್ರೋಮೋಸೋಮಿನಲ್ಲಾದ್ದರಿಂದ ಬಹುತೇಕ ಗಂಡುಮಕ್ಕಳಲ್ಲೇ ಕಾಣಿಸುತ್ತದೆ. ಸುಮಾರು 3,500ರಿಂದ 5,000 ಗಂಡು ಶಿಶುಗಳಲ್ಲಿ ಒಂದಕ್ಕೆ. ಮಗು ಪದೇ ಪದೇ ಎಡವುತ್ತದೆ, ನೆಲದಿಂದ ಏಳಲು ತೊಡೆಯ ಮೇಲೆ ಕೈಯೂರುತ್ತದೆ, ಹತ್ತು ಹನ್ನೆರಡರ ಹೊತ್ತಿಗೆ ಗಾಲಿಕುರ್ಚಿ ಸೇರುತ್ತದೆ. ಆಮೇಲೆ ತೋಳು, ಉಸಿರು, ಹೃದಯ. ಮಾಟ್ಸ್‌ಗೆ ಕಾಯಿಲೆ ಪತ್ತೆಯಾದಾಗ ನಾಲ್ಕು ವರ್ಷ. ಓರಗೆಯ ಹುಡುಗರು ಚೆಂಡು ಒದೆಯುವ ವಯಸ್ಸಿನಲ್ಲಿ ಅವನು ಕಂಪ್ಯೂಟರ್ ಆಟಗಳಿಗೆ ಹೊರಳಿದ. ಬೆಳೆದ ಮೇಲೆ ಮನೆಗೆ ಹೊಂದಿಕೊಂಡಿದ್ದ ಪ್ರತ್ಯೇಕ ಭಾಗದಲ್ಲಿ, ಸರದಿಯ ಮೇಲೆ ಬರುವ ಆರೈಕೆಯವರ ನೆರವಿನಿಂದ ಇದ್ದ. ಬೆರಳುಗಳು ಅಲುಗುವಷ್ಟು ಕಾಲ ಆಡಿದ. ಕೊನೆಯ ಹತ್ತು ವರ್ಷಗಳಲ್ಲಿ ಅವನು ಆಟದಲ್ಲಿ ಕಳೆದ ಸಮಯ 15,000ರಿಂದ 20,000 ಗಂಟೆ ಎಂದು ಅಂದಾಜು. ಪೂರ್ಣಾವಧಿ ನೌಕರನೊಬ್ಬ ಅಷ್ಟೇ ವರ್ಷ ದುಡಿಯುವ ಹೊತ್ತಿಗೆ ಇದು ಸರಿಸಮ.

ಆ ಆಟ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್, ಅಂತರ್ಜಾಲದಲ್ಲಿ ಅನೇಕರು ಒಟ್ಟಿಗೆ ಸೇರಿ ಆಡುವಂಥದ್ದು. ಬ್ಲಿಝಾರ್ಡ್ ಕಂಪನಿ 2004ರ ನವೆಂಬರಿನಲ್ಲಿ ಅಮೆರಿಕದಲ್ಲಿ, ಮರುವರ್ಷ ಯುರೋಪಿನಲ್ಲಿ ಬಿಡುಗಡೆ ಮಾಡಿತು. 2010ರ ಹೊತ್ತಿಗೆ 1.2 ಕೋಟಿ ಚಂದಾದಾರರಿದ್ದರು. ಹೊರಗಿನಿಂದ ನೋಡುವವರಿಗೆ ಕಾಣುವುದು ಕತ್ತಿ, ಮಂತ್ರ, ರಾಕ್ಷಸರು. ಒಳಗೆ ಅಝೆರಾತ್ ಎಂಬ ಆ ಲೋಕದಲ್ಲಿ ಕಾಡು, ಕಡಲತೀರ, ಊರು, ಪೇಟೆ, ಹೋಟೆಲು ಎಲ್ಲವೂ ಇವೆ. ಕೆಲವರು ಅಲ್ಲಿಗೆ ಹೋಗುವುದು ಯುದ್ಧಕ್ಕಲ್ಲ. ತಾವು ಕಟ್ಟಿಕೊಂಡ ಪಾತ್ರವಾಗಿ ಇನ್ನೊಂದು ಪಾತ್ರದ ಜೊತೆ ಬೆಂಕಿಯ ಪಕ್ಕ ಕುಳಿತು ಮಾತನಾಡುವುದೇ ಅವರಿಗೆ ಆಟ. ಮಾತೆಂದರೆ ಬೆರಳಚ್ಚಿಸಿದ ಮಾತು. ಮಾಟ್ಸ್ ಇಬೆಲಿನ್ ಎಂಬ ಪಾತ್ರವಾಗಿ ಸೇರಿದ್ದ ಸ್ಟಾರ್‌ಲೈಟ್ ಎಂಬ ಗಿಲ್ಡ್ ಅಂಥ ಮೂವತ್ತರಷ್ಟು ಜನರ ಬಳಗ. ಸದಸ್ಯರು ವರ್ಷಗಟ್ಟಲೆ ಜೊತೆಗಿದ್ದವರು.

ಮನೆಯೂ ಅಲ್ಲದ, ಕೆಲಸದ ಜಾಗವೂ ಅಲ್ಲದ ಮೂರನೆಯದೊಂದು ಜಾಗ ಮನುಷ್ಯನಿಗೆ ಬೇಕು ಎಂದು ಅಮೆರಿಕದ ಸಮಾಜಶಾಸ್ತ್ರಜ್ಞ ರೇ ಓಲ್ಡನ್‌ಬರ್ಗ್ 1989ರಲ್ಲಿ ವಾದಿಸಿದ್ದರು. ಅವರ ಮನಸ್ಸಿನಲ್ಲಿದ್ದದ್ದು ಕಾಫಿ ಅಂಗಡಿ, ಕ್ಷೌರದಂಗಡಿ, ಮೂಲೆಯ ಪಬ್. ಆ ಜಾಗದ ಲಕ್ಷಣಗಳೆಂದು ಅವರು ಹೇಳಿದ್ದು: ಅಲ್ಲಿ ಮಾತೇ ಮುಖ್ಯ, ದಿನವೂ ಬರುವ ಹಳಬರಿರುತ್ತಾರೆ, ಒಳಗೆ ಬರುವಾಗ ಅಂತಸ್ತನ್ನು ಬಾಗಿಲಲ್ಲೇ ಬಿಟ್ಟು ಬರಬೇಕು. ಸ್ಟಾರ್‌ಲೈಟ್ ಬಳಗಕ್ಕೆ ಇವೆಲ್ಲವೂ ಒಪ್ಪುತ್ತವೆ. ಕೊನೆಯದಂತೂ ನಮ್ಮ ಊರುಗಳ ಅರಳಿಕಟ್ಟೆಗಿಂತ ಚೆನ್ನಾಗಿ ಒಪ್ಪುತ್ತದೆ. ಕಟ್ಟೆಯ ಮೇಲೆ ಹೊಸಬ ಬಂದು ಕುಳಿತರೆ ಮೊದಲ ಪ್ರಶ್ನೆಯೇ ಯಾವ ಊರು, ಯಾರ ಮಗ, ಯಾವ ಪೈಕಿ ಎಂಬುದು. ಉತ್ತರ ಬಂದ ಮೇಲೆ ಅವನು ಎಲ್ಲಿ ಕೂರಬಹುದು, ಅವನ ಮಾತಿಗೆ ಎಷ್ಟು ಬೆಲೆ ಎಂಬುದು ಆಗಲೇ ತೀರ್ಮಾನವಾಗಿರುತ್ತದೆ. ಗಾಲಿಕುರ್ಚಿಯಲ್ಲಿ ಬಂದವನ ವಿಷಯದಲ್ಲಿ ಪ್ರಶ್ನೆಯೂ ಬೇಕಾಗುವುದಿಲ್ಲ. ಅಯ್ಯೋ ಪಾಪ ಎಂಬ ನೋಟ ಮಾತಿಗಿಂತ ಮುಂಚೆ ಬಂದು ನಿಂತಿರುತ್ತದೆ. ಇಬೆಲಿನ್ ಎಂಬ ಹೆಸರು ಮಾಟ್ಸ್‌ಗೆ ತಪ್ಪಿಸಿಕೊಟ್ಟದ್ದು ಆ ನೋಟವನ್ನು.

ಇಬೆಲಿನ್ ಹೇಗಿದ್ದ? ಭುಜ ಅಗಲವಾದ, ಗಟ್ಟಿಮುಟ್ಟಾದ ಸಾಹಸಿ. ಆಟಕ್ಕೆ ಬಂದ ದಿನವೆಲ್ಲ ಮೊದಲ ಅರ್ಧ ಗಂಟೆ ಓಡುತ್ತಿದ್ದ. ಯಾರ ಬೆನ್ನಟ್ಟಿಯೂ ಅಲ್ಲ, ಯಾವ ಬಹುಮಾನಕ್ಕೂ ಅಲ್ಲ. ಸುಮ್ಮನೆ ಆ ಲೋಕದ ದಾರಿಗಳಲ್ಲಿ ಓಟ. ಅದು ಅವನ ಅಭ್ಯಾಸವೆಂದು ಬಳಗದವರಿಗೆ ಗೊತ್ತಿತ್ತು, ಕಾರಣ ಗೊತ್ತಿರಲಿಲ್ಲ.

ಹದಿಹರೆಯದ ಒಂದು ಭೇಟಿಯನ್ನು ಮಾಟ್ಸ್ ತಾನೇ ಬರೆದಿಟ್ಟಿದ್ದಾನೆ. ಆಟದೊಳಗಿನ ಗೋಲ್ಡ್‌ಶೈರ್ ಎಂಬ ಊರಿನ ಬಳಿ ಬೆಂಕಿ ಹಾಕಿಕೊಂಡು ಕುಳಿತಿದ್ದಾಗ ಪೊದೆಯಿಂದ ರೂಮರ್ ಎಂಬ ಹೆಸರಿನ ಹುಡುಗಿಯೊಬ್ಬಳು ಹಾರಿಬಂದು, ಅವನ ಟೋಪಿ ಕಿತ್ತುಕೊಂಡು, ಒಂದು ಗಳಿಗೆ ಕೆಣಕುವಂತೆ ನಕ್ಕು ಓಡಿಹೋದಳು. ಅವನು ಬೆನ್ನಟ್ಟಿದ. ಅಲ್ಲಿಂದ ಬೆಳೆದ ಸ್ನೇಹ ವರ್ಷಗಟ್ಟಲೆ ಉಳಿಯಿತು. ಗಾಲಿಕುರ್ಚಿಯ ಹುಡುಗನ ಟೋಪಿಯನ್ನು ಯಾರಾದರೂ ಹೀಗೆ ಕಸಿದು ಓಡುತ್ತಿದ್ದರೇ? ಕಸಿದರೂ ಅದು ಕ್ರೌರ್ಯವೆನಿಸುತ್ತಿತ್ತು. ಸರಿಸಮನೆಂದು ಬಗೆದವರನ್ನು ಮಾತ್ರ ನಾವು ಕೆಣಕುತ್ತೇವೆ. ಮಾಟ್ಸ್‌ಗೆ ಜೀವಮಾನದಲ್ಲಿ ಹಾಗೆ ಕೆಣಕಿಸಿಕೊಳ್ಳುವ ಭಾಗ್ಯ ಸಿಕ್ಕಿದ್ದು ಆ ಹೆಸರಿನಡಿಯಲ್ಲಿ.

ರೂಮರ್ ಆಗಿದ್ದವಳು ನೆದರ್‌ಲ್ಯಾಂಡ್ಸ್‌ನ ಹದಿನೈದರ ಹುಡುಗಿ. ಆಟ ಹೆಚ್ಚಾಯಿತೆಂದು ಅವಳ ತಂದೆತಾಯಿ ಕಂಪ್ಯೂಟರ್ ಕಿತ್ತಿಟ್ಟರು. ಗೆಳೆಯರಿಂದ ದೂರವಾಗಿ ಅವಳು ಕುಗ್ಗಿಹೋದಳು. ಸುದ್ದಿ ತಿಳಿದ ಮಾಟ್ಸ್ ಅವಳ ತಂದೆತಾಯಿಗೆ ಪತ್ರ ಬರೆದು, ಆ ಬಳಗ ಅವಳ ಪಾಲಿಗೆ ಏನೆಂಬುದನ್ನು ವಿವರಿಸಿದ. ಅವಳು ಆ ಪತ್ರವನ್ನು ಇಂದಿಗೂ ಇಟ್ಟುಕೊಂಡಿದ್ದಾಳೆ. ಹದಿನಾರರ ಆಸುಪಾಸಿನ ಹುಡುಗ, ಬೇರೆ ದೇಶದ ಹಿರಿಯರಿಗೆ, ಇನ್ನೊಬ್ಬರ ಪರವಾಗಿ ಬರೆದ ಕಾಗದ ಅದು.

ಡೆನ್ಮಾರ್ಕಿನ ತಾಯಿಯೊಬ್ಬರ ಕಥೆ ಇನ್ನೂ ದೊಡ್ಡದು. ಆಟಿಸಂ ಇದ್ದ ಮಗ ಕೋಣೆಯಿಂದ ಹೊರಗೆ ಬರುತ್ತಿರಲಿಲ್ಲ, ಮುಟ್ಟಿಸಿಕೊಳ್ಳುತ್ತಿರಲಿಲ್ಲ. ತಾಯಿ, ಮಗ ಇಬ್ಬರೂ ಅದೇ ಬಳಗದಲ್ಲಿದ್ದರು. ಮಗನನ್ನು ಆಟದೊಳಗೆ ಭೇಟಿಯಾಗಿ, ಅಲ್ಲಿ ಅವನನ್ನು ಅಪ್ಪಿಕೊಳ್ಳಿ ಎಂದು ಇಬೆಲಿನ್ ಸಲಹೆ ಕೊಟ್ಟ. ಪಾತ್ರವು ಪಾತ್ರವನ್ನು ತಬ್ಬುವುದಷ್ಟೇ, ಮೈ ಸೋಕುವುದಿಲ್ಲ. ಅಲ್ಲಿ ಶುರುವಾದದ್ದು ನಿಧಾನವಾಗಿ ಮನೆಯೊಳಗೂ ಬಂತು. ಮಗ ತಾಯಿಯನ್ನು ಅಪ್ಪಿಕೊಳ್ಳುವ ದಿನ ಬಂತು. ದೇಹವೆಂಬುದು ದಾರಿಗೆ ಅಡ್ಡ ನಿಂತಾಗ ಸುತ್ತಿಬಳಸಿ ಹೋಗುವುದು ಹೇಗೆಂದು ಮಾಟ್ಸ್‌ಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು? ಸಲಹೆ ಎಲ್ಲಿಂದ ಬಂತೆಂಬುದು ಮಾತ್ರ ಆ ತಾಯಿಗೆ ಆಗ ತಿಳಿದಿರಲಿಲ್ಲ.

ಇಲ್ಲಿ ಒಂದು ವ್ಯತ್ಯಾಸವನ್ನು ಒತ್ತಿ ಹೇಳಬೇಕು. ಹೆಸರೇ ಇಲ್ಲದಿರುವುದು ಬೇರೆ, ಇಟ್ಟುಕೊಂಡ ಹೆಸರಿನಲ್ಲಿ ಇರುವುದು ಬೇರೆ. ಹೆಸರಿಲ್ಲದವನು ಇಂದು ಕಲ್ಲೆಸೆದು ನಾಳೆ ಹೊಸಬನಾಗಿ ಬರಬಹುದು. ಅವನ ಮೇಲೆ ಯಾವ ಋಣವೂ ನಿಲ್ಲುವುದಿಲ್ಲ. ಇಬೆಲಿನ್ ವರ್ಷಗಟ್ಟಲೆ ಇಬೆಲಿನ್ನೇ ಆಗಿದ್ದ. ಆಡಿದ ಮಾತು, ಕೊಟ್ಟ ಸಲಹೆ, ಮಾಡಿದ ಜಗಳ ಎಲ್ಲವೂ ಆ ಹೆಸರಿನ ಖಾತೆಗೇ ಜಮೆಯಾಗುತ್ತಿದ್ದವು. ಕನ್ನಡಕ್ಕೆ ಇದು ಹೊಸತೇನಲ್ಲ. ಬೇಂದ್ರೆಯವರ ಅಂಬಿಕಾತನಯದತ್ತನಿಗೂ ಅನಸೂಯಾ ಶಂಕರ್ ಅವರ ತ್ರಿವೇಣಿಗೂ ನಾವು ಕೊಟ್ಟ ಮರ್ಯಾದೆ ಗಳಿಸಿದ ಹೆಸರಿನ ಮರ್ಯಾದೆಯೇ. ಅವು ಎಲ್ಲರಿಗೂ ತಿಳಿದ ಗುಟ್ಟುಗಳಾಗಿದ್ದವು, ಇಬೆಲಿನ್‌ನದು ಹಾಗಲ್ಲ, ನಿಜ. ಆದರೆ ಓದುಗ ಆ ಹೆಸರನ್ನು ನಂಬುತ್ತಿದ್ದುದು ಹಿಂದಿನ ಬರಹವನ್ನು ನೆನೆದು. ಬಳಗ ಇಬೆಲಿನ್‌ನನ್ನು ನಂಬಿದ್ದೂ ಹಾಗೆಯೇ.

ಹಾಗಾದರೆ ಅವನು ಗೆಳೆಯರಿಗೆ ಸುಳ್ಳು ಹೇಳಿದಂತಾಗಲಿಲ್ಲವೇ ಎಂಬ ಪ್ರಶ್ನೆ ಏಳುತ್ತದೆ. ಇದನ್ನು ಇನ್ನೊಂದು ಸಂಗತಿಯ ಪಕ್ಕದಲ್ಲಿಟ್ಟು ನೋಡಬಹುದು. ವಿಕಿಪೀಡಿಯಾದಲ್ಲಿ ಎಸ್‌ಜೇ ಎಂಬ ಗುಪ್ತನಾಮದ ಸಂಪಾದಕನೊಬ್ಬ ತಾನು ಧರ್ಮಶಾಸ್ತ್ರದ ಪ್ರಾಧ್ಯಾಪಕನೆಂದು ಹೇಳಿಕೊಂಡಿದ್ದ, ಚರ್ಚೆಗಳಲ್ಲಿ ಆ ಪದವಿಯ ಬಲವನ್ನು ಬಳಸಿದ್ದ. ಅವನು 24 ವರ್ಷದ, ಅಂಥ ಯಾವ ಪದವಿಯೂ ಇಲ್ಲದ ಯುವಕನೆಂದು 2007ರಲ್ಲಿ ಬಯಲಾಗಿ, ಎಲ್ಲ ಜವಾಬ್ದಾರಿ ಬಿಟ್ಟು ಹೊರನಡೆಯಬೇಕಾಯಿತು. ಅಲ್ಲಿ ತಪ್ಪಾದದ್ದು ಗುಪ್ತನಾಮದಿಂದಲ್ಲ, ಇಲ್ಲದ ಅಧಿಕಾರವನ್ನು ತೋರಿಸಿ ಮಾತು ಗೆದ್ದದ್ದರಿಂದ. ಮಾಟ್ಸ್ ಮುಚ್ಚಿಟ್ಟ ಸಂಗತಿಯಿಂದ ಯಾರ ಮೇಲೂ ಅಧಿಕಾರ ಗಳಿಸಲಿಲ್ಲ. ಬಿಚ್ಚಿ ಹೇಳಿದ್ದರೆ ಅವನಿಗೆ ಅನುಕಂಪ, ರಿಯಾಯಿತಿ ಸಿಗುತ್ತಿತ್ತು. ಅವನು ತನಗೆ ಬರಬಹುದಾಗಿದ್ದ ಲಾಭವನ್ನೇ ಮರೆಸಿಟ್ಟ.

ಆದರೆ ಆ ಹೆಸರಿನ ಆಸರೆ ಪುಕ್ಕಟೆ ಸಿಗಲಿಲ್ಲ, ಇದನ್ನು ಮರೆಸಿ ಬರೆದರೆ ಪ್ರಕರಣಕ್ಕೆ ಅನ್ಯಾಯ ಮಾಡಿದಂತೆ. ಬಳಗದವರು ಧ್ವನಿಯಲ್ಲಿ ಮಾತನಾಡೋಣ, ಕ್ಯಾಮೆರಾ ಹಾಕೋಣ, ಮುಖಾಮುಖಿ ಸೇರೋಣ ಎಂದಾಗಲೆಲ್ಲ ಅವನು ಹಿಂದೆ ಸರಿದ. ಆಸ್ಪತ್ರೆ ಸೇರಿದಾಗ ವಾರಗಟ್ಟಲೆ ಮಾಯವಾಗುತ್ತಿದ್ದ, ಬಂದ ಮೇಲೆ ಕಾರಣ ಹೇಳುತ್ತಿರಲಿಲ್ಲ. ಹತ್ತಿರ ಬಂದವರನ್ನು ಒರಟಾಗಿ ದೂರ ತಳ್ಳಿದ್ದೂ ಉಂಟು. ಗೆಳೆಯರಿಗೆ ಬೇಸರವಾಗುತ್ತಿತ್ತು, ಸಿಟ್ಟು ಬರುತ್ತಿತ್ತು; ಎದುರಿಗಿರುವ ಗಟ್ಟಿ ಆಸಾಮಿ ಹೀಗೇಕೆ ಆಡುತ್ತಾನೆಂದು ಅವರು ಹೇಗೆ ತಿಳಿಯಬೇಕು? ರಾತ್ರಿ ನಿಗದಿತ ಹೊತ್ತಿಗೆ ಆರೈಕೆಯವರು ಅವನನ್ನು ಹಾಸಿಗೆಗೆ ಸಾಗಿಸಬೇಕಿತ್ತು. ಮಾತು ಎಷ್ಟೇ ಗಹನವಾಗಿದ್ದರೂ ಇಬೆಲಿನ್ ಎದ್ದು ಹೊರಡುತ್ತಿದ್ದ. ಅನುಕಂಪದಿಂದ ಕಾಪಾಡಿದ ಹೆಸರೇ ಆಸರೆ ಬೇಕಾದಾಗ ಅಡ್ಡಗೋಡೆಯಾಯಿತು.

2013ರಲ್ಲಿ ಅವನು ಕಾಯಿಲೆಯ ಬಗ್ಗೆ, ಆಟದೊಳಗಿನ ಬದುಕಿನ ಬಗ್ಗೆ ತನ್ನ ತಾಣದಲ್ಲಿ ಬರೆದ. ಅಲ್ಲಿ ತನ್ನ ಅಂಗವೈಕಲ್ಯ ಲೆಕ್ಕಕ್ಕೆ ಬರುವುದಿಲ್ಲ, ತಾನು ಸಹಜ ಮನುಷ್ಯನೆನಿಸುತ್ತೇನೆ ಎಂಬುದು ಆ ಬರಹದ ತಿರುಳು. ಮೊದಲು ಒಬ್ಬರು, ಆಮೇಲೆ ಬಳಗದ ಉಳಿದವರು ಓದಿದರು. ಯಾರೂ ದೂರವಾಗಲಿಲ್ಲ. ಹೊತ್ತು ಮಾತ್ರ ಕಡಿಮೆಯಿತ್ತು. ಇನ್ನಷ್ಟು ಮುಂಚೆ ಹೇಳಿದ್ದರೆ ಅವನ ಒಂಟಿತನದ ಕೆಲವು ವರ್ಷಗಳು ಹಗುರವಾಗುತ್ತಿದ್ದವೆಂದು ನನಗೆ ಅನಿಸುತ್ತದೆ. ಆದರೆ ಹದಿನಾರರಲ್ಲೇ ಹೇಳಿಬಿಟ್ಟಿದ್ದರೆ ಗಳಿಸಿದ ಹೆಸರೇ ಇರುತ್ತಿರಲಿಲ್ಲ, ಕಾಯಿಲೆಯ ಹುಡುಗನೆಂಬ ಹೆಸರಿರುತ್ತಿತ್ತು. ಮೊದಲು ನಡತೆಯಿಂದ ಪರಿಚಯ, ಆಮೇಲೆ ತನಗೆ ಬೇಕೆನಿಸಿದಾಗ ತನ್ನ ಮಾತಿನಲ್ಲೇ ಉಳಿದದ್ದನ್ನು ಹೇಳುವ ಅವಕಾಶ: ಗುಪ್ತನಾಮ ಅವನಿಗೆ ಕೊಟ್ಟದ್ದು ಈ ಕ್ರಮವನ್ನು. ಯಾವಾಗ ಎಂಬ ತೀರ್ಮಾನ ಅವನದೇ ಆಗಿರಬೇಕಿತ್ತು, ಆಗಿತ್ತು.

ಆ ತೀರ್ಮಾನವನ್ನು ಕಂಪನಿಯೇ ಕೈಗೆತ್ತಿಕೊಳ್ಳಲು ಹೊರಟದ್ದೂ ಉಂಟು, ಅದೂ ಇದೇ ಆಟದ ವಿಷಯದಲ್ಲಿ. 2010ರ ಜುಲೈ 6ರಂದು ಬ್ಲಿಝಾರ್ಡ್ ಒಂದು ಘೋಷಣೆ ಮಾಡಿತು: ತನ್ನ ಅಧಿಕೃತ ಚರ್ಚಾ ವೇದಿಕೆಗಳಲ್ಲಿ ಬರೆಯುವವರ ನಿಜವಾದ ಹೆಸರು, ಕುಲನಾಮ ಇನ್ನು ಮುಂದೆ ಎಲ್ಲರಿಗೂ ಕಾಣಿಸುತ್ತವೆ. ಹೆಸರು ಬಯಲಾದರೆ ಜನ ನೆಟ್ಟಗೆ ನಡೆದುಕೊಳ್ಳುತ್ತಾರೆ ಎಂಬುದು ತರ್ಕ. ಇದರಲ್ಲಿ ಭಯವೇನಿದೆ ಎಂದು ತೋರಿಸಲು ಕಂಪನಿಯ ನೌಕರರೊಬ್ಬರು ತಮ್ಮ ನಿಜನಾಮವನ್ನು ಅಲ್ಲೇ ಬರೆದರು. ಸ್ವಲ್ಪ ಹೊತ್ತಿನಲ್ಲೇ ಅವರ ಫೋನ್ ನಂಬರ್, ಮನೆಯ ವಿಳಾಸ ಎಂದು ಜನ ಹುಡುಕಿ ತೆಗೆದು ಹರಡಿಬಿಟ್ಟರು. ಪ್ರತಿಭಟನೆ ಭುಗಿಲೆದ್ದಿತು. ಹೆಣ್ಣುಮಕ್ಕಳು, ಹಿಂದೆ ಬಿದ್ದವರಿಂದ ತಪ್ಪಿಸಿಕೊಂಡು ಬದುಕುತ್ತಿದ್ದವರು ತಮಗೆ ಒದಗುವ ಅಪಾಯವನ್ನು ಬಿಡಿಸಿ ಹೇಳಿದರು. ಜುಲೈ 9ರಂದು ಕಂಪನಿಯ ಮುಖ್ಯಸ್ಥ ಮೈಕ್ ಮೊರ್‌ಹೇಮ್ ಆ ಯೋಜನೆಯನ್ನು ಹಿಂತೆಗೆದುಕೊಂಡರು. ಯೋಜನೆ ವೇದಿಕೆಗಳಿಗೆ ಸೀಮಿತವಾಗಿತ್ತು, ಆಟದೊಳಗಿನ ಇಬೆಲಿನ್‌ಗೆ ನೇರವಾಗಿ ತಟ್ಟುತ್ತಿರಲಿಲ್ಲ. ಆದರೆ ಅದರ ಹಿಂದಿನ ಯೋಚನೆ, ಅಂದರೆ ಸರ್ಕಾರಿ ದಾಖಲೆಯ ಹೆಸರೇ ಸಜ್ಜನಿಕೆಯ ಜಾಮೀನು ಎಂಬುದು, ಸ್ಟಾರ್‌ಲೈಟ್ ಬಳಗದ ಮುಂದೆ ನಿಲ್ಲುವುದಿಲ್ಲ. ಅಲ್ಲಿ ಶಿಸ್ತನ್ನು ಕಾಯುತ್ತಿದ್ದುದು ಹಳಬರ ನೆನಪು. ನಿನ್ನೆ ನೀನು ಹೀಗೆ ಆಡಿದೆ ಎಂದು ಕೇಳುವವರು ಮೂವತ್ತು ಜನರಿದ್ದರು.

ದಕ್ಷಿಣ ಕೊರಿಯಾ ಇದೇ ತರ್ಕವನ್ನು ಕಾನೂನಾಗಿಯೇ ಪ್ರಯೋಗಿಸಿ ನೋಡಿತು. 2007ರಿಂದ ದೊಡ್ಡ ತಾಣಗಳಲ್ಲಿ ಬರೆಯುವವರು ಗುರುತನ್ನು ದೃಢಪಡಿಸಬೇಕಾಯಿತು. 2011ರಲ್ಲಿ ನೇಟ್ ಮತ್ತು ಸೈವರ್ಲ್ಡ್ ತಾಣಗಳ 3.5 ಕೋಟಿ ಬಳಕೆದಾರರ ಮಾಹಿತಿ ಕಳುವಾಯಿತು. ಕಾನೂನಿನಿಂದ ಅಕ್ರಮ ಬರಹಗಳು ಗಮನಾರ್ಹವಾಗಿ ಕಡಿಮೆಯಾದ ಪುರಾವೆ ಇಲ್ಲವೆಂದು ಅಲ್ಲಿನ ಸಂವಿಧಾನ ನ್ಯಾಯಾಲಯ 2012ರ ಆಗಸ್ಟಿನಲ್ಲಿ ಅದನ್ನು ಒಮ್ಮತದಿಂದ ರದ್ದುಪಡಿಸಿತು.

ಓಸ್ಲೋಗೆ ಮರಳುತ್ತೇನೆ. ಅಂತ್ಯಕ್ರಿಯೆಗೆ ಬಳಗದ ಕೆಲವರು ಬೇರೆ ಬೇರೆ ದೇಶಗಳಿಂದ ಬಂದರು. ಪ್ರಯಾಣದ ಖರ್ಚು ಭರಿಸಲಾಗದವರಿಗಾಗಿ ಉಳಿದವರು ಚಂದಾ ಎತ್ತಿದ್ದರು. ಮನೆಯವರು ಆ ಮುಖಗಳನ್ನು ನೋಡಿದ್ದು ಅದೇ ಮೊದಲು. ಗಿಲ್ಡಿನ ಮುಖಂಡ ನಿಂತು ಮಾತನಾಡಿ, ಈ ಹೊತ್ತಿನಲ್ಲಿ ಯಾವ ಯಾವ ದೇಶಗಳಲ್ಲಿ ಮಾಟ್ಸ್‌ಗಾಗಿ ಮೇಣದಬತ್ತಿ ಉರಿಯುತ್ತಿದೆ ಎಂದು ಒಂದೊಂದಾಗಿ ಹೆಸರಿಸಿದರು. ಅವರ ಬಾಯಲ್ಲಿ ಬಂದ ಹೆಸರು ಮಾಟ್ಸ್. ಮನೆಯವರಿಗೆ ಇಬೆಲಿನ್ ಸಿಕ್ಕಿದ್ದೂ ಅದೇ ವಾರಗಳಲ್ಲಿ.

ತಂದೆತಾಯಿಯನ್ನು ದೂರುವುದು ಸುಲಭ, ಸರಿಯಲ್ಲ. ಅವರು ಮಗನನ್ನು ಪ್ರೀತಿಸಿದರು, ಆಟ ಆಡಲು ಬಿಟ್ಟರು, ರಾತ್ರಿ ತಡವಾಯಿತೆಂದು ಗೊಣಗಿದರು. ಪರದೆಯ ಮೇಲೆ ಅವರಿಗೆ ಕಂಡದ್ದು ಓಡಾಡುವ ಗೊಂಬೆಗಳು. ಸಾಲು ಸಾಲಾಗಿ ಮೇಲೇರುತ್ತಿದ್ದ ಮಾತುಗಳನ್ನು ಯಾರೂ ಪಕ್ಕದಲ್ಲಿ ಕುಳಿತು ಓದಲಿಲ್ಲ, ಓದಿಸು ಎಂದು ಕೇಳಲೂ ತೋಚಲಿಲ್ಲ. ಮಗ ಹೊರಗೆ ಹೋಗಿ ಯಾರ ಜೊತೆ ಬೆರೆಯುತ್ತಾನೆಂದು ಕೇಳುವ ನಮ್ಮ ಮನೆಗಳಲ್ಲೂ ಪರದೆಯ ಮುಂದೆ ಕುಳಿತವನು ಒಬ್ಬನೇ ಇದ್ದಾನೆಂದೇ ಲೆಕ್ಕ. ಅಲ್ಲಿ ಅವನ ಹೆಸರೇನು, ಜೊತೆಗಾರರು ಯಾರು ಎಂದು ಕೇಳುವವರು ಕಡಿಮೆ. ಗದರಿಸದೆ, ಪತ್ತೇದಾರಿಕೆಯಿಲ್ಲದೆ ಕೇಳಿದರೆ ಹೇಳುವ ಮಕ್ಕಳು ಎಷ್ಟೋ ಇದ್ದಾರೆ.

ಒಂದು ಪ್ರಶ್ನೆ ಮಾತ್ರ ಈ ಪ್ರಕರಣದಲ್ಲಿ ನನ್ನನ್ನು ಕಾಡುತ್ತದೆ. ಆ ಪಾಸ್‌ವರ್ಡ್ ಮನೆಯವರಿಗೆ ಗೊತ್ತಿರದಿದ್ದರೆ? ಬಳಗದ ಪಾಲಿಗೆ ಇಬೆಲಿನ್ ಒಂದು ದಿನ ಬರುವುದನ್ನು ನಿಲ್ಲಿಸಿರುತ್ತಿದ್ದ, ಅಷ್ಟೆ. ಓಸ್ಲೋದ ಬಾಗಿಲು ತಟ್ಟಲು ಅವರಿಗೆ ದಾರಿಯಿರಲಿಲ್ಲ. ತಂದೆತಾಯಿ ಒಂಟಿ ಮಗನನ್ನು ಕಳೆದುಕೊಂಡೆವೆಂಬ ನಂಬಿಕೆಯಲ್ಲೇ ಮುದುಕರಾಗುತ್ತಿದ್ದರು. ಎರಡು ಹೆಸರುಗಳ ನಡುವೆ ಕೊಂಡಿಯಾಗಿದ್ದದ್ದು ಆ ಪಾಸ್‌ವರ್ಡ್ ಒಂದೇ. ಗುಪ್ತನಾಮದಲ್ಲಿ ಬದುಕು ಕಟ್ಟಿಕೊಂಡವರು, ತಮಗೆ ಏನಾದರೂ ಆದರೆ ಬಳಗಕ್ಕೆ ಹೇಳಬಲ್ಲ ನಂಬಿಗಸ್ತರೊಬ್ಬರನ್ನು ಗೊತ್ತುಮಾಡಿ ಇಡುವುದು ಒಳ್ಳೆಯದು. ಬಳಗಗಳೂ ಇದನ್ನು ಮುಜುಗರವಿಲ್ಲದೆ ಕೇಳಿಕೊಳ್ಳಬೇಕು.

ಇದಕ್ಕೆ ಇನ್ನೊಂದು ಮಗ್ಗುಲಿದೆ. ಆಟದ ಖಾತೆ ಕಂಪನಿಯ ನಿಯಮಕ್ಕೆ ಒಳಪಟ್ಟಿದ್ದು, ಮನೆ ಜಮೀನಿನಂತೆ ವಾರಸುದಾರರಿಗೆ ತಾನಾಗಿ ಬರುವಂಥದ್ದಲ್ಲ. ಇಬೆಲಿನ್ ಎಂಬ ವ್ಯಕ್ತಿ ಉಳಿದದ್ದು ಬಳಗದ ಜಾಗರೂಕತೆಯಿಂದ. ಸ್ಟಾರ್‌ಲೈಟ್ ತನ್ನ ಸದಸ್ಯರ ಮಾತುಕತೆಗಳನ್ನು ತಾನೇ ಜೋಪಾನ ಮಾಡಿಟ್ಟಿತ್ತು. ಅದು ಸಾವಿರಾರು ಪುಟಗಳ ಸಂಭಾಷಣೆ. 2019ರಲ್ಲಿ ನಾರ್ವೆಯ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಆರ್‌ಕೆ ಈ ಕಥೆಯನ್ನು ಪ್ರಕಟಿಸಿದ ಮೇಲೆ ಜಗತ್ತಿಗೆ ತಿಳಿಯಿತು. 2024ರಲ್ಲಿ ಸಾಕ್ಷ್ಯಚಿತ್ರವೂ ಬಂತು. ಇಬೆಲಿನ್ ಆಡಿದ ಮಾತುಗಳನ್ನು ಊಹಿಸಿ ಬರೆಯುವ ಅಗತ್ಯ ಅದನ್ನು ಮಾಡಿದವರಿಗೆ ಬೀಳಲಿಲ್ಲ. ಆ ದಾಖಲೆಯಲ್ಲಿ ಅವನು ಇನ್ನೊಬ್ಬರನ್ನು ಸಮಾಧಾನಪಡಿಸಿದ್ದೂ ಇದೆ, ನೋಯಿಸಿದ್ದೂ ಇದೆ, ಕ್ಷಮೆ ಕೇಳಿದ್ದೂ ಇದೆ. ಅದೇ ವರ್ಷ ಬ್ಲಿಝಾರ್ಡ್ ಅವನ ನೆನಪಿನಲ್ಲಿ ಆಟದೊಳಗೆ ನರಿಮರಿಯೊಂದನ್ನು ಮಾರಿ, ಬಂದ 20 ಲಕ್ಷ ಡಾಲರಿಗೂ ಹೆಚ್ಚಿನ ಹಣವನ್ನು ಡುಶೆನ್ ಸಂಶೋಧನೆಗೆ ದುಡಿಯುವ ಸಂಸ್ಥೆಗೆ ಕೊಟ್ಟಿತು.